ಪ್ರಸವಕಾಲದ ಸೋಂಕು ಮತ್ತು ಹೆರಿಗೆ ವಿಧಾನದ ಆಯ್ಕೆ

ಪ್ರಸವಕಾಲದ ಸೋಂಕಿನಲ್ಲಿ ಹೆರಿಗೆ ವಿಧಾನದ ಆಯ್ಕೆ ಎಂಬುದು ಸೋಂಕಿಗೆ ಒಳಗಾದ ಗರ್ಭಿಣಿಗೆ ಸಹಜ ಹೆರಿಗೆ ಸುರಕ್ಷಿತವೋ ಸಿಸೇರಿಯನ್ ಶಸ್ತ್ರಚಿಕಿತ್ಸೆ ಸುರಕ್ಷಿತವೋ ಎಂಬುದನ್ನು ನಿರ್ಧರಿಸುವ ವೈದ್ಯಕೀಯ ಪ್ರಕ್ರಿಯೆಯಾಗಿದೆ. ಸೋಂಕು ಎರಡು ಬಗೆಯದಾಗಿರಬಹುದು. ಒಂದು, ಹೆರಿಗೆಯ ವೇಳೆಯಲ್ಲಿ ಗರ್ಭಕೋಶದೊಳಗೇ ಹುಟ್ಟಿಕೊಳ್ಳುವ ಬ್ಯಾಕ್ಟೀರಿಯಾ ಸೋಂಕು. ಇನ್ನೊಂದು, ತಾಯಿಯ ದೇಹದಲ್ಲಿ ಮೊದಲೇ ಇದ್ದು ಹೆರಿಗೆಯ ಸಮಯದಲ್ಲಿ ಮಗುವಿಗೆ ದಾಟಬಹುದಾದ ಎಚ್‌ಐವಿ, ಹೆಪಟೈಟಿಸ್-ಬಿ, ಹರ್ಪಿಸ್ ಮೊದಲಾದ ವೈರಾಣು ಸೋಂಕು. ಸೋಂಕು ಇದ್ದರೆ ಶಸ್ತ್ರಚಿಕಿತ್ಸೆಯೇ ಕ್ಷೇಮವೆಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದ್ದರೂ ಹೆಚ್ಚಿನ ಸೋಂಕುಗಳಲ್ಲಿ ಸಹಜ ಹೆರಿಗೆಯೇ ತಾಯಿಗೆ ಕಡಿಮೆ ಅಪಾಯಕಾರಿಯಾಗಿದೆ. ಸಕ್ರಿಯ ಜನನಾಂಗ ಹರ್ಪಿಸ್ ಮತ್ತು ಹತೋಟಿಗೆ ಬಾರದ ಎಚ್‌ಐವಿ ಇದಕ್ಕೆ ಮುಖ್ಯ ಅಪವಾದಗಳು.

## ಹಿನ್ನೆಲೆ

ಹೆರಿಗೆಯ ನಂತರ ಬರುವ ತೀವ್ರ ಜ್ವರವನ್ನು ಸೂತಿಕಾ ಜ್ವರ ಎಂದು ಕರೆಯಲಾಗುತ್ತಿತ್ತು. ಕನ್ನಡನಾಡಿನ ಹಳ್ಳಿಗಳಲ್ಲಿ ಬಾಣಂತಿಗೆ ಜ್ವರವೇರಿ ಪ್ರಜ್ಞೆ ತಪ್ಪುವ ಸ್ಥಿತಿಗೆ ‘ಬಾಣಂತಿ ಸನ್ನಿ’ ಎಂಬ ಹೆಸರಿತ್ತು. ಶೀತ, ಗಾಳಿ, ದೃಷ್ಟಿದೋಷಗಳನ್ನು ಅದಕ್ಕೆ ಕಾರಣವೆಂದು ಭಾವಿಸಲಾಗುತ್ತಿತ್ತು. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿ ಈ ಜ್ವರವನ್ನು ವೈದ್ಯರೂ ಸೂಲಗಿತ್ತಿಯರೂ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುತ್ತಾರೆ ಎಂದು ಬರೆದನು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್‌ಯುಕ್ತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕ್ರಮವನ್ನು ಜಾರಿಗೆ ತಂದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು.

ಪ್ರತಿಜೀವಕಗಳು ಬರುವ ಮೊದಲು ಸೋಂಕು ತಗುಲಿದ ಗರ್ಭಕೋಶವನ್ನು ಕತ್ತರಿಸಿ ಮಗುವನ್ನು ತೆಗೆಯುವುದೆಂದರೆ ತಾಯಿಯ ಜೀವವನ್ನು ಪಣಕ್ಕಿಡುವುದೇ ಆಗಿತ್ತು. ಗರ್ಭಕೋಶದಲ್ಲಿದ್ದ ಕೀವು ಹೊಟ್ಟೆಯ ಒಳಪೊರೆಗೆ ಹರಡಿ ತಾಯಿ ಸಾಯುವುದು ಸಾಮಾನ್ಯವಾಗಿತ್ತು. 1876ರಲ್ಲಿ ಇಟಲಿಯ ಎಡ್ವಾರ್ಡೊ ಪೊರ್ರೊ ಮಗುವನ್ನು ಹೊರತೆಗೆದ ಬಳಿಕ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನ್ ಭಾಷಿಕ ದೇಶಗಳ ವೈದ್ಯರು ಒಳಪೊರೆಯನ್ನು ತೆರೆಯದೆ ಅದರ ಹೊರಗಿನಿಂದಲೇ ಗರ್ಭಕೋಶದ ಕೆಳಭಾಗವನ್ನು ತಲುಪುವ ವಿಧಾನವನ್ನು ಇಂತಹ ಸಂದರ್ಭಗಳಿಗಾಗಿಯೇ ರೂಪಿಸಿದರು. 1930ರ ದಶಕದಲ್ಲಿ ಸಲ್ಫಾ ಔಷಧಿಗಳು, ಅನಂತರ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಈ ವಿಧಾನಗಳು ಹಿಂದೆ ಸರಿದವು. ಸಿಸೇರಿಯನ್ ಸುರಕ್ಷಿತವಾದಂತೆ ಸೋಂಕಿಗೂ ಅದೇ ಪರಿಹಾರವೆಂಬ ಭಾವನೆ ಬೆಳೆಯಿತು. ಆದರೆ ಸೋಂಕಿರುವ ಗರ್ಭಕೋಶದ ಮೇಲೆ ಶಸ್ತ್ರಚಿಕಿತ್ಸೆ ನಡೆಸುವುದರ ಅಪಾಯ ಕಡಿಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ.

## ಗರ್ಭಕೋಶದೊಳಗಿನ ಸೋಂಕು

ಗರ್ಭದ್ರವ, ಭ್ರೂಣದ ಪೊರೆಗಳು ಮತ್ತು ಮಾಸುಗಳಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕನ್ನು ವೈದ್ಯರು ಕೋರಿಯೋಅಮ್ನಿಯೊನೈಟಿಸ್ ಎಂದು ಕರೆಯುತ್ತಾರೆ. ಯೋನಿಯಲ್ಲಿ ಸಹಜವಾಗಿರುವ ಸೂಕ್ಷ್ಮಜೀವಿಗಳು ಗರ್ಭಕಂಠದ ಮೂಲಕ ಮೇಲೇರುವುದರಿಂದ ಇದು ಉಂಟಾಗುತ್ತದೆ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ಒಟ್ಟಿಗೇ ಇರುತ್ತವೆ.

### ಕಾರಣಗಳು

ನೀರೊಡೆದು ಬಹಳ ಹೊತ್ತಾದರೂ ಹೆರಿಗೆ ಆಗದಿರುವುದು, ದೀರ್ಘವಾದ ನೋವು, ಪದೇಪದೇ ನಡೆಸುವ ಯೋನಿ ಪರೀಕ್ಷೆ ಇವು ಸೋಂಕಿನ ಸಂಭವವನ್ನು ಹೆಚ್ಚಿಸುತ್ತವೆ. ಪ್ರತಿ ಪರೀಕ್ಷೆಯಲ್ಲೂ ಬೆರಳುಗಳ ಜೊತೆಗೆ ಸೂಕ್ಷ್ಮಜೀವಿಗಳು ಮೇಲಕ್ಕೆ ಹೋಗುವ ಅವಕಾಶವಿರುತ್ತದೆ. ಆದ್ದರಿಂದ ಹೆರಿಗೆಯ ಮೊದಲ ಹಂತದಲ್ಲಿ ಯೋನಿ ಪರೀಕ್ಷೆಯನ್ನು ನಾಲ್ಕು ಗಂಟೆಗಳಿಗೊಮ್ಮೆ ನಡೆಸಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ದಿನ ತುಂಬಿದ ಬಳಿಕ ನೋವು ಆರಂಭವಾಗುವ ಮೊದಲೇ ನೀರೊಡೆದರೆ ಬಹುಕಾಲ ಕಾಯದೆ ಔಷಧಿಯಿಂದ ನೋವು ಬರಿಸುವುದು ರೂಢಿಯಲ್ಲಿದೆ.

### ಲಕ್ಷಣಗಳು ಮತ್ತು ಪತ್ತೆ

ತಾಯಿಯ ಜ್ವರವೇ ಮುಖ್ಯ ಸೂಚನೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲಿ ನೀಡಿದ ಮಾನದಂಡದಂತೆ ದೇಹದ ಉಷ್ಣತೆ ಒಮ್ಮೆಯಾದರೂ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸೋಂಕನ್ನು ಶಂಕಿಸಬೇಕು. 38ರಿಂದ 38.9 ಡಿಗ್ರಿ ಜ್ವರವಿದ್ದಾಗ ಅದರೊಡನೆ ಇನ್ನೊಂದು ಚಿಹ್ನೆಯೂ ಇರಬೇಕು. ರಕ್ತದಲ್ಲಿ ಬಿಳಿ ಕಣಗಳ ಏರಿಕೆ, ಗರ್ಭಕಂಠದಿಂದ ಕೀವಿನಂತಹ ಸ್ರಾವ, ಮಗುವಿನ ಹೃದಯಬಡಿತ ನಿಮಿಷಕ್ಕೆ 160ಕ್ಕಿಂತ ಹೆಚ್ಚಾಗಿರುವುದು ಇಂತಹ ಚಿಹ್ನೆಗಳು. ದುರ್ವಾಸನೆಯ ಸ್ರಾವ ಮತ್ತು ಗರ್ಭಕೋಶವನ್ನು ಮುಟ್ಟಿದಾಗ ನೋವು ಕೂಡ ಕಂಡುಬರಬಹುದು. ಬೆನ್ನುಹುರಿಯ ಬಳಿ ನೀಡುವ ನೋವು ನಿವಾರಕವೂ ಜ್ವರ ತರಬಹುದಾದ್ದರಿಂದ ಜ್ವರವೆಲ್ಲ ಸೋಂಕೇ ಎಂದು ಹೇಳಲಾಗದು. ಆದರೂ ಬೇರೆ ಕಾರಣ ಸ್ಪಷ್ಟವಾಗದಿದ್ದಾಗ ಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ.

### ಚಿಕಿತ್ಸೆ

ಸೋಂಕು ಶಂಕಿತವಾದ ಕೂಡಲೇ, ಹೆರಿಗೆಯಾಗುವವರೆಗೆ ಕಾಯದೆ, ಪ್ರತಿಜೀವಕವನ್ನು ರಕ್ತನಾಳದ ಮೂಲಕ ಆರಂಭಿಸಲಾಗುತ್ತದೆ. ಆಂಪಿಸಿಲಿನ್ ಮತ್ತು ಜೆಂಟಮೈಸಿನ್‌ಗಳ ಜೋಡಿ ಮೊದಲ ಆಯ್ಕೆ. ಈ ಔಷಧಿಗಳು ಮಾಸನ್ನು ದಾಟಿ ಮಗುವಿನ ರಕ್ತವನ್ನೂ ಸೇರುವುದರಿಂದ ಹೆರಿಗೆಗೆ ಮುನ್ನ ಕೊಟ್ಟ ಔಷಧಿ ಇಬ್ಬರಿಗೂ ಚಿಕಿತ್ಸೆಯಾಗುತ್ತದೆ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ನೀಡಲಾಗುತ್ತದೆ.

### ಹೆರಿಗೆಯ ವಿಧಾನ

ಗರ್ಭಕೋಶದ ಸೋಂಕು ಪೂರ್ಣ ವಾಸಿಯಾಗಬೇಕಾದರೆ ಹೆರಿಗೆ ಆಗಲೇಬೇಕು. ಸೋಂಕಿನ ನೆಲೆಯಾದ ಮಾಸು ಮತ್ತು ಪೊರೆಗಳು ಹೊರಬರಬೇಕು. ಆದರೆ ಹೆರಿಗೆ ಬೇಗನೆ ಆಗಬೇಕೆಂಬುದಕ್ಕೂ ಶಸ್ತ್ರಚಿಕಿತ್ಸೆಯಿಂದಲೇ ಆಗಬೇಕೆಂಬುದಕ್ಕೂ ವ್ಯತ್ಯಾಸವಿದೆ. ಈ ಸೋಂಕೊಂದೇ ಸಿಸೇರಿಯನ್‌ಗೆ ಕಾರಣವಾಗುವುದು ತೀರ ಅಪರೂಪ. ನೋವು ಮುಂದುವರಿಯುತ್ತಿದ್ದು ಮಗುವಿನ ಹೃದಯಬಡಿತ ತೃಪ್ತಿಕರವಾಗಿದ್ದರೆ ಆಕ್ಸಿಟೋಸಿನ್ ನೆರವಿನಿಂದ ನೋವನ್ನು ಚುರುಕುಗೊಳಿಸಿ ಸಹಜ ಹೆರಿಗೆಗೆ ಅವಕಾಶ ನೀಡಲಾಗುತ್ತದೆ. ಇಂತಿಷ್ಟು ಗಂಟೆಗಳೊಳಗೆ ಹೆರಿಗೆ ಮುಗಿಯಲೇಬೇಕೆಂಬ ನಿಗದಿತ ಗಡುವೂ ಇಲ್ಲ.

ಇದರ ಹಿಂದಿನ ತರ್ಕ ಸರಳ. ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿರುವ ಗರ್ಭಕೋಶವನ್ನು ಕೊಯ್ದಾಗ ಬ್ಯಾಕ್ಟೀರಿಯಾಗಳಿಗೆ ಹೊಟ್ಟೆಯ ಪೊಳ್ಳಿಗೂ ಹೊಲಿಗೆಯ ಗಾಯಕ್ಕೂ ದಾರಿ ತೆರೆದಂತಾಗುತ್ತದೆ. ಗರ್ಭಕೋಶದ ಒಳಪದರದ ಉರಿಯೂತ, ಗಾಯದಲ್ಲಿ ಕೀವು, ಶ್ರೋಣಿಯಲ್ಲಿ ಕುರು, ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಇವು ಸಹಜ ಹೆರಿಗೆಗಿಂತ ಸಿಸೇರಿಯನ್ ನಂತರ ಹೆಚ್ಚು. ಸೋಂಕಿನಿಂದ ಬಳಲಿದ ಗರ್ಭಕೋಶದ ಸ್ನಾಯು ಸರಿಯಾಗಿ ಸಂಕುಚಿಸದ ಕಾರಣ ರಕ್ತಸ್ರಾವದ ಅಪಾಯ ಯಾವ ವಿಧಾನದಲ್ಲೂ ಇರುತ್ತದೆ. ಗರ್ಭಕೋಶವನ್ನು ಕೊಯ್ದಾಗ ಅದು ಇನ್ನಷ್ಟು ಏರುತ್ತದೆ. ಒಮ್ಮೆ ಕೊಯ್ದ ಗರ್ಭಕೋಶವು ಮುಂದಿನ ಬಸಿರುಗಳಲ್ಲೂ ಬಿರಿಯುವಿಕೆ ಮತ್ತು ಮಾಸಿನ ಅಂಟಿಕೆಯ ಭಯವನ್ನು ಉಳಿಸುತ್ತದೆ.

ಸಿಸೇರಿಯನ್ ಅಗತ್ಯವಾಗುವುದು ಸಾಮಾನ್ಯ ಪ್ರಸೂತಿ ಕಾರಣಗಳಿಗೆ: ಮಗುವಿನ ಸ್ಥಿತಿ ಹದಗೆಡುವುದು, ಹೆರಿಗೆ ಮುಂದುವರಿಯದೆ ನಿಲ್ಲುವುದು, ಮಗು ಅಡ್ಡವಾಗಿರುವುದು, ಹೊಕ್ಕುಳಬಳ್ಳಿ ಮೊದಲು ಜಾರಿಬರುವುದು. ಅಂತಹ ಸಂದರ್ಭದಲ್ಲಿ ಅಪಾಯವನ್ನು ತಗ್ಗಿಸುವ ಕ್ರಮಗಳು ಹೀಗಿವೆ:

- ಚರ್ಮ ಕೊಯ್ಯುವ ಮೊದಲೇ ಪ್ರತಿಜೀವಕ ನೀಡುವುದು.
- ಶಸ್ತ್ರಚಿಕಿತ್ಸೆಗೆ ಮುನ್ನ ಯೋನಿಯನ್ನು ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಶುಚಿಗೊಳಿಸುವುದು.
- ಹೊಕ್ಕುಳಬಳ್ಳಿ ಕತ್ತರಿಸಿದ ಬಳಿಕ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳ ವಿರುದ್ಧ ಕ್ಲಿಂಡಮೈಸಿನ್ ಅಥವಾ ಮೆಟ್ರೊನಿಡಜೋಲ್ ಸೇರಿಸುವುದು.
- ರಕ್ತವನ್ನು ಮೊದಲೇ ಸಿದ್ಧವಾಗಿರಿಸಿಕೊಂಡು, ಗರ್ಭಕೋಶ ಸಂಕುಚಿಸುವ ಔಷಧಿಯನ್ನು ತಡವಿಲ್ಲದೆ ನೀಡುವುದು.

### ತಾಯಿಗೆ ಸೆಪ್ಸಿಸ್ ಉಂಟಾದಾಗ

ಸೋಂಕಿನಿಂದ ದೇಹದ ಅಂಗಗಳ ಕಾರ್ಯವೇ ಕೆಡುವ ಸ್ಥಿತಿಯನ್ನು ಸೆಪ್ಸಿಸ್ ಎನ್ನುತ್ತಾರೆ. ರಕ್ತದೊತ್ತಡ ಕುಸಿತ, ಏದುಸಿರು, ಮೂತ್ರ ಕಡಿಮೆಯಾಗುವುದು, ಗೊಂದಲದ ಮನಸ್ಥಿತಿ ಇದರ ಲಕ್ಷಣಗಳು. ಇಲ್ಲಿ ಮೊದಲ ಗಂಟೆಯೊಳಗೆ ಪ್ರತಿಜೀವಕ ಮತ್ತು ರಕ್ತನಾಳದ ಮೂಲಕ ದ್ರವ ನೀಡಿ ತಾಯಿಯನ್ನು ಸ್ಥಿರಗೊಳಿಸುವುದು ಆದ್ಯ ಕರ್ತವ್ಯ. ಸ್ಥಿರವಾಗದ ತಾಯಿಯನ್ನು ಅವಸರದಿಂದ ಶಸ್ತ್ರಚಿಕಿತ್ಸಾ ಮೇಜಿಗೆ ಒಯ್ದರೆ ಅರಿವಳಿಕೆ ಮತ್ತು ರಕ್ತಸ್ರಾವಗಳೇ ಪ್ರಾಣಾಂತಿಕವಾಗಬಹುದು. ತಾಯಿ ಚೇತರಿಸಿಕೊಂಡಂತೆ ಮಗುವಿನ ಸ್ಥಿತಿಯೂ ಹಲವು ವೇಳೆ ಸುಧಾರಿಸುತ್ತದೆ. ಸೋಂಕಿನ ಮೂಲ ಗರ್ಭಕೋಶದಲ್ಲೇ ಇದ್ದರೆ ಮಾತ್ರ ಹೆರಿಗೆಯನ್ನು ತ್ವರೆಗೊಳಿಸಬೇಕಾಗುತ್ತದೆ.

## ಎಚ್‌ಐವಿ

ಹೆರಿಗೆ ವಿಧಾನದ ಬಗ್ಗೆ ಅತಿ ಹೆಚ್ಚು ಚರ್ಚೆ ನಡೆದಿರುವುದು ಎಚ್‌ಐವಿ ಸೋಂಕಿನಲ್ಲಿ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ವೈರಾಣು ದಾಟುವ ಸಂಭವ ಶೇಕಡ 15ರಿಂದ 45ರಷ್ಟು. ಇದರ ದೊಡ್ಡ ಪಾಲು ಹೆರಿಗೆಯ ಸಮಯದಲ್ಲಿ ತಾಯಿಯ ರಕ್ತ ಮತ್ತು ಸ್ರಾವಗಳ ಸಂಪರ್ಕದಿಂದ ಆಗುತ್ತದೆ. 1999ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ನೋವು ಬರುವ ಮೊದಲೇ ಸಿಸೇರಿಯನ್‌ಗೆ ನಿಗದಿಯಾದ ತಾಯಂದಿರ ಗುಂಪಿನಲ್ಲಿ ಶೇ. 1.8 ಮಕ್ಕಳಿಗೆ ಸೋಂಕು ತಗಲಿದರೆ ಸಹಜ ಹೆರಿಗೆಯ ಗುಂಪಿನಲ್ಲಿ ಅದು ಶೇ. 10.5 ಆಗಿತ್ತು. ಇದರಿಂದಾಗಿ ಶ್ರೀಮಂತ ದೇಶಗಳಲ್ಲಿ ಎಚ್‌ಐವಿ ಇರುವ ಗರ್ಭಿಣಿಯರಿಗೆ ಸಿಸೇರಿಯನ್ ವಾಡಿಕೆಯಾಯಿತು.

ಹಲವು ಔಷಧಿಗಳನ್ನು ಕೂಡಿಸಿ ನೀಡುವ ಎಆರ್‌ಟಿ ಚಿಕಿತ್ಸೆ ಬಂದ ಮೇಲೆ ಚಿತ್ರ ಬದಲಾಯಿತು. ಚಿಕಿತ್ಸೆಯಿಂದ ರಕ್ತದಲ್ಲಿನ ವೈರಾಣು ಪ್ರಮಾಣ ಪತ್ತೆಹಚ್ಚಲಾಗದಷ್ಟು ಇಳಿದಾಗ ಮಗುವಿಗೆ ಸೋಂಕು ದಾಟುವ ಸಂಭವ ಯಾವ ವಿಧಾನದಲ್ಲಾದರೂ ತೀರ ಕಡಿಮೆ. ಹಾಗಾಗಿ ಶಸ್ತ್ರಚಿಕಿತ್ಸೆಯ ಹೆಚ್ಚುವರಿ ಪ್ರಯೋಜನ ಇಲ್ಲವಾಗಿ ಅದರ ಅಪಾಯ ಮಾತ್ರ ಉಳಿಯುತ್ತದೆ. ಅಮೆರಿಕದ ಮಾರ್ಗಸೂಚಿಯಂತೆ ಹೆರಿಗೆಯ ಹತ್ತಿರದಲ್ಲಿ ವೈರಾಣು ಪ್ರಮಾಣ ಪ್ರತಿ ಮಿಲಿಲೀಟರ್‌ಗೆ 1000ಕ್ಕಿಂತ ಹೆಚ್ಚಿದ್ದರೆ 38ನೇ ವಾರದಲ್ಲಿ ಸಿಸೇರಿಯನ್ ನಡೆಸಲಾಗುತ್ತದೆ. ನೋವು ಆರಂಭವಾದ ನಂತರ ಅಥವಾ ನೀರೊಡೆದ ನಂತರ ನಡೆಸುವ ಸಿಸೇರಿಯನ್‌ನಿಂದ ಅಷ್ಟೇ ರಕ್ಷಣೆ ಸಿಗುವುದೆಂಬುದು ಖಚಿತವಿಲ್ಲ.

ಭಾರತದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನೀತಿಯಂತೆ ಪ್ರಸೂತಿ ಕಾರಣಗಳಿಲ್ಲದೆ ಎಚ್‌ಐವಿ ಒಂದರಿಂದಲೇ ಸಿಸೇರಿಯನ್ ಮಾಡಲಾಗುವುದಿಲ್ಲ. 2014ರಿಂದ ಸೋಂಕಿರುವ ಎಲ್ಲ ಗರ್ಭಿಣಿಯರಿಗೂ ಜೀವನಪರ್ಯಂತ ಎಆರ್‌ಟಿ ಉಚಿತವಾಗಿ ದೊರೆಯುತ್ತಿದೆ. ಹೆರಿಗೆಯ ವೇಳೆಯಲ್ಲಿ ನೀರಿನ ಚೀಲವನ್ನು ಕೃತಕವಾಗಿ ಒಡೆಯದಿರುವುದು, ಮಗುವಿನ ನೆತ್ತಿಗೆ ಉಪಕರಣ ಚುಚ್ಚದಿರುವುದು, ಅನಗತ್ಯವಾಗಿ ಯೋನಿದ್ವಾರವನ್ನು ಕೊಯ್ಯದಿರುವುದು ಮುಖ್ಯ. ಹುಟ್ಟಿದ ಮಗುವಿಗೆ ನೆವಿರಪಿನ್‌ನಂತಹ ಔಷಧಿಯನ್ನು ಕನಿಷ್ಠ 6 ವಾರ ನೀಡಲಾಗುತ್ತದೆ.

ವಿಧಾನದ ಆಯ್ಕೆಯಷ್ಟೇ ಗಂಭೀರವಾದದ್ದು ಆಸ್ಪತ್ರೆಯ ಬಾಗಿಲಲ್ಲಿ ಎದುರಾಗಬಹುದಾದ ತಾರತಮ್ಯ. ಸೋಂಕಿನ ಹೆಸರಿನಲ್ಲಿ ಹೆರಿಗೆ ನಿರಾಕರಿಸಿ ಬೇರೆಡೆಗೆ ಕಳುಹಿಸಿದರೆ ದಾರಿಯಲ್ಲಿ ಕಳೆದ ಗಂಟೆಗಳೇ ತಾಯಿ ಮಗುವಿಗೆ ಮುಳುವಾಗುತ್ತವೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ 2017, ಚಿಕಿತ್ಸೆಯಲ್ಲಿ ಇಂತಹ ತಾರತಮ್ಯವನ್ನು ನಿಷೇಧಿಸಿದೆ ಮತ್ತು ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ಕಡ್ಡಾಯಗೊಳಿಸಿದೆ.

## ಇತರ ಸೋಂಕುಗಳು

ಜನನಾಂಗ ಹರ್ಪಿಸ್: ಹೆರಿಗೆ ನೋವು ಆರಂಭವಾದಾಗ ಜನನಾಂಗದಲ್ಲಿ ಹರ್ಪಿಸ್ ಹುಣ್ಣುಗಳಿದ್ದರೆ ಅಥವಾ ಹುಣ್ಣು ಏಳುವ ಮುನ್ಸೂಚನೆಯ ಉರಿ, ನೋವುಗಳಿದ್ದರೆ ಸಿಸೇರಿಯನ್ ಸೂಕ್ತ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮೊದಲ ಬಾರಿಗೆ ಸೋಂಕು ತಗಲಿದ್ದರೆ ಅಪಾಯ ಅತ್ಯಧಿಕ. ಹಳೆಯ ಸೋಂಕು ಮರುಕಳಿಸಿದಾಗ ಅಪಾಯ ಬಹಳ ಕಡಿಮೆ. ನವಜಾತ ಶಿಶುವಿನ ಹರ್ಪಿಸ್ ಮೆದುಳನ್ನು ಹಾನಿಗೊಳಿಸಿ ಸಾವಿಗೂ ಕಾರಣವಾಗಬಲ್ಲದು. ಹಿಂದೆ ಸೋಂಕಿದ್ದವರಿಗೆ 36ನೇ ವಾರದಿಂದ ಏಸಿಕ್ಲೊವಿರ್ ನೀಡಿದರೆ ಹುಣ್ಣುಗಳು ಏಳದೆ ಸಹಜ ಹೆರಿಗೆ ಸಾಧ್ಯವಾಗುತ್ತದೆ.

ಹೆಪಟೈಟಿಸ್-ಬಿ: ಸಿಸೇರಿಯನ್‌ಗೆ ಇದೊಂದೇ ಕಾರಣವಾಗದು. ಮಗುವಿನ ರಕ್ಷಣೆ ನಿಂತಿರುವುದು ಹುಟ್ಟಿದ 24 ಗಂಟೆಗಳೊಳಗಿನ ಲಸಿಕೆ ಹಾಗೂ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದಿನ ಮೇಲೆ. ವೈರಾಣು ಪ್ರಮಾಣ ಹೆಚ್ಚಿರುವ ತಾಯಿಗೆ ಬಸಿರಿನಲ್ಲೇ ಟೆನೊಫೊವಿರ್ ಕೊಡಲಾಗುತ್ತದೆ.

ಹೆಪಟೈಟಿಸ್-ಸಿ: ಸಿಸೇರಿಯನ್‌ನಿಂದ ಮಗುವಿಗೆ ರಕ್ಷಣೆ ದೊರೆಯುವುದು ಕಂಡುಬಂದಿಲ್ಲ.

ಹೆಪಟೈಟಿಸ್-ಇ: ಕಲುಷಿತ ನೀರಿನಿಂದ ಹರಡುವ ಈ ಕಾಮಾಲೆ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಾರಕವಾಗಬಹುದು. ಯಕೃತ್ತು ಸೋತು ರಕ್ತ ಹೆಪ್ಪುಗಟ್ಟದಿರುವಾಗ ಶಸ್ತ್ರಚಿಕಿತ್ಸೆ ಅತ್ಯಂತ ಅಪಾಯಕಾರಿ.

ಬಿ ಗುಂಪಿನ ಸ್ಟ್ರೆಪ್ಟೊಕಾಕಸ್: ಹೆರಿಗೆಯ ವೇಳೆ ತಾಯಿಗೆ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ನೀಡಲಾಗುತ್ತದೆ; ಸಾಧ್ಯವಾದರೆ ಹೆರಿಗೆಗೆ ಕನಿಷ್ಠ 4 ಗಂಟೆ ಮುನ್ನ. ಸಿಸೇರಿಯನ್ ಬೇಕಿಲ್ಲ.

ಸಿಫಿಲಿಸ್, ಮಲೇರಿಯಾ, ಕ್ಷಯ, ಕೋವಿಡ್-19: ಇವುಗಳಲ್ಲಿ ರೋಗಕ್ಕೆ ಚಿಕಿತ್ಸೆ ನೀಡುವುದು ಮುಖ್ಯ, ಹೆರಿಗೆಯ ವಿಧಾನವನ್ನು ಪ್ರಸೂತಿ ಕಾರಣಗಳೇ ನಿರ್ಧರಿಸುತ್ತವೆ. ಕೋವಿಡ್‌ನಲ್ಲಿ ತಾಯಿಯ ಉಸಿರಾಟ ತೀವ್ರವಾಗಿ ಹದಗೆಟ್ಟರೆ ಮಾತ್ರ ತುರ್ತು ಹೆರಿಗೆಯ ಪ್ರಶ್ನೆ ಏಳುತ್ತದೆ.

ಜನನಾಂಗದ ನರುಲಿಗಳು: ಹೆರಿಗೆಯ ದಾರಿಗೆ ಅಡ್ಡಿಯಾಗುವಷ್ಟು ದೊಡ್ಡದಾಗಿದ್ದರೆ ಮಾತ್ರ ಸಿಸೇರಿಯನ್.

## ಮೈಸೂರಿನ ಸಂದರ್ಭ

ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿ ನಗರದ ಹೊರಕ್ಕೆ ಸಾಗಿದರೆ ಸಿಗುವ ಮೇಟಗಳ್ಳಿಯು ಹೆಬ್ಬಾಳು ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿದೆ. ಈ ರಸ್ತೆಗೂ ಸಾಂಕ್ರಾಮಿಕ ರೋಗಗಳ ಚಿಕಿತ್ಸೆಗೂ ಹಳೆಯ ನಂಟಿದೆ. ಕ್ಷಯರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಸ್ಥಾಪಿತವಾದ ಕ್ಷಯರೋಗ ಆರೋಗ್ಯಧಾಮ ಇಲ್ಲಿದೆ. ಇದೇ ರಸ್ತೆಯ ಜಿಲ್ಲಾ ಆಸ್ಪತ್ರೆಯು 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ನಿಗದಿಯಾಗಿತ್ತು. ಎಚ್‌ಐವಿ ಇರುವವರ ಆರೈಕೆಗಾಗಿ 1997ರಲ್ಲಿ ಆರಂಭವಾದ ಆಶಾ ಕಿರಣ ಆಸ್ಪತ್ರೆ ಸಮೀಪದ ಹೆಬ್ಬಾಳಿನ ವರ್ತುಲ ರಸ್ತೆಯಲ್ಲಿದೆ.

ಸರ್ಕಾರಿ ವಲಯದಲ್ಲಿ ಕ್ಲಿಷ್ಟ ಹೆರಿಗೆಗಳ ಮುಖ್ಯ ನೆಲೆ ನಗರದ ಚೆಲುವಾಂಬ ಆಸ್ಪತ್ರೆ. ಇದು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿಗೆ ಸೇರಿದೆ. ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳಿಂದಲೂ ತಾಯಂದಿರನ್ನು ಇಲ್ಲಿಗೆ ಕಳುಹಿಸಲಾಗುತ್ತದೆ. ನೀರೊಡೆದ ಬಳಿಕ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವಾಗ ಕಳೆಯುವ ಸಮಯ ಮತ್ತು ಪ್ರತಿ ಹಂತದಲ್ಲೂ ಮತ್ತೆ ನಡೆಯುವ ಯೋನಿ ಪರೀಕ್ಷೆ ಸೋಂಕಿಗೆ ಎಡೆಮಾಡುತ್ತವೆ. ಆದ್ದರಿಂದ ನೀರೊಡೆದ ಸಮಯ, ಜ್ವರದ ಪ್ರಮಾಣ ಮತ್ತು ಕೊಟ್ಟ ಔಷಧಿಯನ್ನು ತಾಯಿ ಕಾರ್ಡ್‌ನಲ್ಲೋ ವರ್ಗಾವಣೆ ಚೀಟಿಯಲ್ಲೋ ಬರೆದು ಕಳುಹಿಸುವುದು ಮುಂದಿನ ವೈದ್ಯರ ನಿರ್ಧಾರಕ್ಕೆ ಅತ್ಯಗತ್ಯ. ಮೈಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯು ಸಂಚಾರಿ ಚಿಕಿತ್ಸಾಲಯಗಳ ಮೂಲಕ ಗರ್ಭಿಣಿಯರ ತಪಾಸಣೆ ಮತ್ತು ಎಚ್‌ಐವಿ ಪರೀಕ್ಷೆಯನ್ನು ಒಟ್ಟಿಗೆ ಒದಗಿಸಿತು. ಸೋಂಕು ಹೆರಿಗೆಗೆ ತಿಂಗಳುಗಳ ಮುಂಚೆಯೇ ಪತ್ತೆಯಾದರೆ ಸಹಜ ಹೆರಿಗೆಯ ದಾರಿ ತೆರೆದಿರುತ್ತದೆ ಎಂಬುದೇ ಇಂತಹ ಯತ್ನಗಳ ಮಹತ್ವ.

## ಕರ್ನಾಟಕದಲ್ಲಿ ಸಿಸೇರಿಯನ್ ಮತ್ತು ತಾಯಂದಿರ ಮರಣ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಸಿಸೇರಿಯನ್ ಪ್ರಮಾಣ ಶೇ. 31.5, ನಾಲ್ಕನೇ ಸಮೀಕ್ಷೆಯಲ್ಲಿ (2015–16) ಅದು ಶೇ. 23.6 ಇತ್ತು. ದೇಶದ ಸರಾಸರಿ ಶೇ. 21.5. 2018–20ರ ಅಂಕಿಅಂಶದಂತೆ ರಾಜ್ಯದ ತಾಯಂದಿರ ಮರಣ ಪ್ರಮಾಣ ಒಂದು ಲಕ್ಷ ಜೀವಂತ ಜನನಗಳಿಗೆ 69. ಇದು ದೇಶದ ಸರಾಸರಿಯಾದ 97ಕ್ಕಿಂತ ಕಡಿಮೆಯಾದರೂ ನೆರೆಯ ಕೇರಳ ಮತ್ತು ತಮಿಳುನಾಡುಗಳಿಗಿಂತ ಹೆಚ್ಚು.

ಶಸ್ತ್ರಚಿಕಿತ್ಸೆಯ ಸುರಕ್ಷತೆ ವೈದ್ಯರ ಕೈಚಳಕವೊಂದನ್ನೇ ಅವಲಂಬಿಸಿಲ್ಲ ಎಂಬುದನ್ನು 2024ರ ಘಟನೆ ತೋರಿಸಿತು. ಆ ವರ್ಷದ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್‌ಗೆ ಒಳಗಾದ ಹಲವು ಬಾಣಂತಿಯರು ಬೆನ್ನುಬೆನ್ನಿಗೆ ಮೃತಪಟ್ಟರು. ರಕ್ತನಾಳಕ್ಕೆ ನೀಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ವ್ಯಕ್ತವಾಗಿ ರಾಜ್ಯ ಸರ್ಕಾರವು ಆ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ರಾಜ್ಯದಾದ್ಯಂತ ತಾಯಂದಿರ ಮರಣಗಳ ಪರಿಶೀಲನೆಯೂ ನಡೆಯಿತು.

ಸಹಜ ಹೆರಿಗೆಯಲ್ಲಿ ಸೋಂಕು ತಡೆಯುವ ಸಂಶೋಧನೆಗೂ ಕರ್ನಾಟಕ ಕೊಡುಗೆ ನೀಡಿದೆ. ಸಹಜ ಹೆರಿಗೆ ನಿರೀಕ್ಷಿಸಿದ್ದ 29,000ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡ, ಏಳು ದೇಶಗಳ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ನೋವಿನ ವೇಳೆ ಬಾಯಿ ಮೂಲಕ ನೀಡಿದ 2 ಗ್ರಾಂ ಅಜಿತ್ರೊಮೈಸಿನ್‌ನ ಒಂದೇ ಪ್ರಮಾಣವು ತಾಯಂದಿರ ಸೆಪ್ಸಿಸ್ ಅಥವಾ ಸಾವನ್ನು ಶೇ. 2.4ರಿಂದ ಶೇ. 1.6ಕ್ಕೆ ಇಳಿಸಿತು. ನವಜಾತ ಶಿಶುಗಳ ಸೆಪ್ಸಿಸ್ ಅಥವಾ ಸಾವಿನಲ್ಲಿ ಇಳಿಕೆ ಕಂಡುಬರಲಿಲ್ಲ. ಔಷಧಿಯ ವ್ಯಾಪಕ ಬಳಕೆಯಿಂದ ಬ್ಯಾಕ್ಟೀರಿಯಾಗಳಲ್ಲಿ ಪ್ರತಿರೋಧ ಬೆಳೆಯಬಹುದೆಂಬ ಆತಂಕ ಇದರ ಅಳವಡಿಕೆಯ ಚರ್ಚೆಯಲ್ಲಿ ಮುಖ್ಯವಾಗಿದೆ.

## ಹೆರಿಗೆಯ ನಂತರ

ವಿಧಾನ ಯಾವುದಾದರೂ ಸೋಂಕಿದ್ದ ತಾಯಿಯ ಉಷ್ಣತೆ, ನಾಡಿ, ರಕ್ತದೊತ್ತಡ ಮತ್ತು ಸ್ರಾವವನ್ನು ಗಮನಿಸುತ್ತಿರಬೇಕು. ಮಗುವನ್ನು ಶಿಶುತಜ್ಞರು ಪರೀಕ್ಷಿಸಿ ಸೆಪ್ಸಿಸ್‌ನ ಚಿಹ್ನೆಗಳಿವೆಯೇ ಎಂದು ನೋಡುತ್ತಾರೆ. ಗರ್ಭಕೋಶದ ಬ್ಯಾಕ್ಟೀರಿಯಾ ಸೋಂಕಿನಲ್ಲಿ ತಾಯಿ ಎದೆಹಾಲು ನೀಡಬಹುದು. ಹೆಪಟೈಟಿಸ್-ಬಿ ಇರುವ ತಾಯಿಯೂ ಮಗುವಿಗೆ ಲಸಿಕೆ ಹಾಕಿಸಿ ಹಾಲೂಡಿಸಬಹುದು. ಮನೆಗೆ ಹೋದ ಬಳಿಕ ಜ್ವರ, ದುರ್ವಾಸನೆಯ ಸ್ರಾವ, ಹೊಟ್ಟೆನೋವು, ಗಾಯದಲ್ಲಿ ಕೀವು, ಏದುಸಿರು ಅಥವಾ ಮಂಕು ಕವಿಯುವುದು ಕಂಡುಬಂದರೆ ಅದನ್ನು ಶೀತವೆಂದೋ ಸನ್ನಿಯೆಂದೋ ಭಾವಿಸಿ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಅದೇ ದಿನ ಆಸ್ಪತ್ರೆಗೆ ತಲುಪಬೇಕಾದ ಸ್ಥಿತಿ ಅದು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆ ಮಾಡಿದರೆ ಉಚಿತ ಆಂಬುಲೆನ್ಸ್ ಸೇವೆ ದೊರೆಯುತ್ತದೆ.